ಲೆಕ್ಕಕ್ಕೆ ಬಾರದ ಬುಟ್ಟಿ

ಮದುವೆಯಾಗುವ ತನಕ ನಾನು ಒಂದು ಸಲವೂ ಹೊಟೇಲಿನಲ್ಲಿ ಕೂತು ತಿಂದವಳಲ್ಲ. ಇದನ್ನು ಹೇಳಿದರೆ ನನ್ನ ಮಗಳು ಸುಳ್ಳು ಅನ್ನುತ್ತಾಳೆ. ಸುಳ್ಳಲ್ಲ. ಕಲಬುರಗಿಯ ಶಹಾಬಜಾರದಲ್ಲಿ ಹುಟ್ಟಿ ಬೆಳೆದವಳು ನಾನು. ನಮ್ಮ ಓಣಿಯ ತುದಿಗೆ ಬಂದರೆ ಸಾಕು, ಮಿರ್ಚಿ ಕರಿಯುವ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆದರೆ ನಮ್ಮ ಮನೆಯ ಲೆಕ್ಕದಲ್ಲಿ ಹೊಟೇಲೆಂದರೆ ಗಂಡಸರ ಜಾಗ. ನೆಹರು ಗಂಜಿನಲ್ಲಿ ಬೇಳೆ ವ್ಯಾಪಾರ ಮಾಡುತ್ತಿದ್ದ ಅಪ್ಪ ಸಂಜೆ ಬರುವಾಗ ಪೇಪರಿನಲ್ಲಿ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದರು. ಮನೆ ಮುಟ್ಟುವಷ್ಟರಲ್ಲಿ ಅದು ತಣ್ಣಗಾಗಿ, ಮೆತ್ತಗಾಗಿ, ಪೇಪರಿನ ಅಕ್ಷರಗಳನ್ನೆಲ್ಲ ಮೈಮೇಲೆ ಮೂಡಿಸಿಕೊಂಡಿರುತ್ತಿತ್ತು. ನಾನು ಕಂಡ ಹೊಟೇಲ್ ತಿಂಡಿ ಅಷ್ಟೇ.

ಹಾಗಾಗಿ ಮದುವೆಯಾದ ವಾರಕ್ಕೆ ನಮ್ಮವರು, ಹನಿಮೂನಿಗೆ ಎಲ್ಲಿಗೆ ಹೋಗೋಣ ಎಂದು ನಾಚಿಕೊಂಡು ಕೇಳಿದಾಗ ನಾನು ಬೆಟ್ಟ, ಸಮುದ್ರ ಯಾವುದನ್ನೂ ಹೇಳಲಿಲ್ಲ. ಎಲ್ಲಿಗಾದರೂ ಕರೆದುಕೊಂಡು ಹೋಗಿ, ಹೊಟೇಲಿನಲ್ಲಿ ಮೇಜಿನ ಮುಂದೆ ಕೂತು ಬಿಸಿಬಿಸಿ ತಿನ್ನಬೇಕು, ನಾನೇ ಕರೆದು ಇಂಥದ್ದು ಕೊಡಿ ಅನ್ನಬೇಕು ಎಂದೆ. ಅವರು ಬಹಳ ಹೊತ್ತು ನಕ್ಕರು. ನನಗೆ ಸಿಟ್ಟು ಬಂತು. ಆಮೇಲೆ ಉಳಿದಿದ್ದ ಲಗ್ನಪತ್ರಿಕೆಯೊಂದನ್ನು ತೆಗೆದು, ಅದರ ಹಿಂದೆ ಒಂದು ಯಾದಿ ಬರೆಯಲು ಕೂತಾಗ ಸಿಟ್ಟು ಇಳಿಯಿತು.

ಅವರು ಕಲಬುರಗಿಯ ಕಾಲೇಜೊಂದರಲ್ಲಿ ಮೇಷ್ಟ್ರು. ಜೊತೆಯ ಮೇಷ್ಟ್ರುಗಳನ್ನೆಲ್ಲ ಕೇಳಿ, ಹೈದರಾಬಾದಿನವರೆಗಿನ ರಸ್ತೆಯನ್ನು ಊಟದ ಪ್ರಕಾರ ಭಾಗ ಮಾಡಿದರು. ಕಲಬುರಗಿ ದಾಟುತ್ತಲೇ ಇಡ್ಲಿ, ವಡೆ, ಚಹಾ. ಕಮಲಾಪುರದಲ್ಲಿ ರಸ್ತೆ ಬದಿಯ ಕೆಂಪು ಬಾಳೆಹಣ್ಣು. ಹುಮನಾಬಾದಿನ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ. ಜಹೀರಾಬಾದಿನ ಆಚೆ ಧಾಬಾದಲ್ಲಿ ದಾಲ್. ಹೈದರಾಬಾದಿನಲ್ಲಿ ಇರಾನಿ ಚಹಾ, ಬಿಸ್ಕತ್ತು, ಇನ್ನೂ ಏನೇನೋ. ರಜೆ ಸಿಗುವ ದಿನ ನೋಡಿ, ತಮ್ಮ ಸೋದರಮಾವನ ಹಳೇ ಬಿಳಿ ಕಾರನ್ನು ಕೇಳಿ ತಂದರು. ಅದರಲ್ಲಿ ನಾನು ಕೂರುವ ಕಡೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಹೊರಗಿನಿಂದ ಯಾರಾದರೂ ಬಂದು ತೆರೆಯಬೇಕು. ರಾಣಿಯಂಗ ಇರ್ತಿ ಬಿಡು ಎಂದು ಸಮಾಧಾನ ಹೇಳಿದರು.

ಸಿಕ್ಕ ರಜೆಯ ಮೊದಲ ದಿನ ಎಳ್ಳ ಅಮವಾಸ್ಯೆ. ನಮ್ಮ ಕಡೆ ಆ ದಿನ ಹೊಲ ಇದ್ದವರೆಲ್ಲ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಪೂಜೆ ಮಾಡಿ, ಭೂಮಿತಾಯಿಗೆಂದು ಅನ್ನವನ್ನು ಹೊಲದ ಸುತ್ತ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ನನಗೆ ಗೊತ್ತಿದ್ದದ್ದು ಅಷ್ಟೇ. ನಮ್ಮದು ಹೊಲವಿಲ್ಲದ ವ್ಯಾಪಾರದ ಮನೆ. ನಮಗೆ ಎಳ್ಳ ಅಮವಾಸ್ಯೆಯೆಂದರೆ ಅಪ್ಪನ ಪರಿಚಯದ ರೈತರ ಮನೆಗಳಿಂದ ಡಬ್ಬಿ ಬರುವ ದಿನ. ಕೂತಲ್ಲಿಯೇ ಹತ್ತು ಮನೆಯ ರುಚಿ ನೋಡುವ ದಿನ.

ಎರಡು ದಿನ ಮುಂಚೆ ಕಮಲಾಪುರದಿಂದ ಅತ್ತೆ ಫೋನ್ ಮಾಡಿದರು. ನಮ್ಮವರ ಮನೆ, ಹೊಲ ಇರುವುದು ಅಲ್ಲಿಯೇ. ಅತ್ತೆ ಹಿರಿಯ ಮಗನ ಸಂಸಾರದ ಜೊತೆ ಅಲ್ಲಿದ್ದರು. ನಾವಿಬ್ಬರು ಮಾತ್ರ ಕಲಬುರಗಿಯಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಅತ್ತೆ ಫೋನಿನಲ್ಲಿ ಮಾತಾಡಿದರೆ ಫೋನೇ ಬೇಕಿಲ್ಲ ಅನ್ನುವಷ್ಟು ಜೋರು. ಚರಗಕ್ಕೆ ಯಾವಾಗ ಬರುತ್ತೀರಿ ಎಂದು ಕೇಳಿದ್ದು ನನಗೂ ಕೇಳಿಸಿತು. ಇವರು ತಡವರಿಸುತ್ತ ಹೈದರಾಬಾದಿನ ವಿಷಯ ಹೇಳಿದರು, ನನ್ನ ಹೊಟೇಲಿನ ಆಸೆಯನ್ನೂ ಹೇಳಿದರು. ಆಮೇಲೆ, "ಹೋಗಿ ಬರ್ರಿ. ಹೊಲ ಎಲ್ಲಿಗಿ ಹೋಗ್ತದ?" ಅಂದರು. ಆಮೇಲೆ ದನಿ ತಗ್ಗಿಸಿ ಇನ್ನೇನೋ ಹೇಳಿದರು. ಅತ್ತೆ ದನಿ ತಗ್ಗಿಸಿದ್ದು ಅದೇ ಮೊದಲು. ನಾನು ಕೇಳಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಅತ್ತೆ ಒಪ್ಪಿದರಲ್ಲ ಎಂಬ ಖುಷಿಯಲ್ಲಿ ಸೀರೆ ಮಡಚುತ್ತಿದ್ದೆ.

ಹೊರಡುವ ದಿನ ಬೆಳಿಗ್ಗೆ ನಾನು ಒಂದು ಬಿಸ್ಕತ್ತನ್ನೂ ಮುಟ್ಟಲಿಲ್ಲ. ಹೊಟ್ಟೆ ಖಾಲಿ ಇಟ್ಟುಕೊಂಡು ಹೊಟೇಲಿಗೆ ಹೋಗಬೇಕೆಂದು ಲೆಕ್ಕ ಹಾಕಿದ್ದೆ. ಹತ್ತೂವರೆಗೆ ಗಂಜಿನ ಮುಂದೆ ಹಾದರೆ ಅಲ್ಲಿ ಒಂದು ಲಾರಿ ಇಲ್ಲ, ಒಬ್ಬ ಹಮಾಲ ಇಲ್ಲ. ಹುಮನಾಬಾದ್ ರಸ್ತೆಗೆ ಬಂದೆವು. ಯಾದಿಯ ಮೊದಲನೇ ಹೊಟೇಲಿನ ಶಟರ್ ಕೆಳಗಿಳಿದಿತ್ತು. ಅದರ ಪಕ್ಕದ್ದೂ ಮುಚ್ಚಿತ್ತು. ಮುಂದೆ ಒಂದು ಚಹಾದ ಡಬ್ಬಿ ಅಂಗಡಿ, ಅದಕ್ಕೂ ತಾಡಪತ್ರಿ ಕಟ್ಟಿದ್ದರು. ರಸ್ತೆಯಲ್ಲಿ ಮಾತ್ರ ಟ್ರ್ಯಾಕ್ಟರು, ಟಂಟಂ, ಎತ್ತಿನ ಗಾಡಿ, ಒಂದೊಂದು ಬೈಕಿನ ಮೇಲೆ ಮೂರು ಮೂರು ಜನ, ಎಲ್ಲರ ತೊಡೆಯ ಮೇಲೂ ಗಂಟು, ಬುಟ್ಟಿ, ಡಬ್ಬಿ.

ಆಗ ನಮ್ಮವರು ಹಣೆಗೆ ಕೈ ಹಚ್ಚಿಕೊಂಡರು. ಅಡುಗೆ ಮಾಡುವವರಿಗೂ ಹೊಲ ಇರುತ್ತದೆ, ಬಡಿಸುವವರಿಗೂ ಹೊಲ ಇರುತ್ತದೆ. ಎಳ್ಳ ಅಮವಾಸ್ಯೆಯ ದಿನ ಈ ಸೀಮೆಯಲ್ಲಿ ಯಾರು ಹೊಟೇಲು ತೆಗೆಯುತ್ತಾರೆ? ಅವರಿಗೆ ಅದು ಹೊಳೆದಿರಲಿಲ್ಲ, ಯಾಕೆಂದರೆ ಹುಟ್ಟಿದಾಗಿನಿಂದ ಆ ದಿನ ಅವರು ಹೊಲದಲ್ಲಿಯೇ ಇದ್ದವರು. ನನಗೆ ಹೊಳೆಯಲು ಕಾರಣವೇ ಇಲ್ಲ, ಹೊಟೇಲಿನ ಮುಖ ಕಂಡವಳಲ್ಲ. ಇಂಥ ಇಬ್ಬರು ಸೇರಿ ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ಹುಡುಕಿ ಹುಡುಕಿ ಆ ಒಂದು ದಿನವನ್ನೇ ಊಟದ ಪ್ರವಾಸಕ್ಕೆ ಆರಿಸಿದ್ದೆವು.

ಕಮಲಾಪುರದಲ್ಲಿ ಬಾಳೆಹಣ್ಣಾದರೂ ಸಿಗುತ್ತದೆ ಎಂದುಕೊಂಡೆ. ಗೊನೆ ತೂಗುಹಾಕುವ ಕಟ್ಟಿಗೆಗಳು ಮಾತ್ರ ನಿಂತಿದ್ದವು, ಕೆಳಗೆ ಗೋಣಿಚೀಲ. ಮನೆಗೆ ಹೋಗಿ ಒಂದು ಲೋಟ ಚಹಾ ಕುಡಿಯೋಣವೆಂದೆ. ಮನೆಯಲ್ಲಿ ಯಾರಿರುತ್ತಾರೆ, ಎಲ್ಲ ಹೊಲಕ್ಕೆ ಹೋಗಿರುತ್ತಾರೆ ಎಂದರು. ಊರು ದಾಟಿದ ಮೇಲೆ ರಸ್ತೆಯ ಬಲಕ್ಕೆ ತೊಗರಿ ಹೊಲದ ಬದುವಿನ ಮೇಲೆ ಕೆಂಪು ಸೀರೆಯ ಹೆಂಗಸೊಬ್ಬರು ತಲೆಯ ಮೇಲೆ ದೊಡ್ಡ ಬುಟ್ಟಿ ಹೊತ್ತು, ನಮಗೆ ಬೆನ್ನು ಮಾಡಿ ನಿಧಾನ ನಡೆಯುತ್ತಿದ್ದರು. ವಯಸ್ಸಾದವರು, ಒಂದು ಕಾಲು ಸ್ವಲ್ಪ ಎಳೆಯುತ್ತಿದ್ದರು. ಅಷ್ಟು ಭಾರ ಹೊರಲು ಮನೆಯಲ್ಲಿ ಚಿಕ್ಕವರು ಯಾರೂ ಇಲ್ಲವೇ ಎಂದೆ. ಇವರು ಆ ಕಡೆ ತಿರುಗಲಿಲ್ಲ. ಕಾರಿನ ವೇಗ ಮಾತ್ರ ಹೆಚ್ಚಾಯಿತು.

ಅಲ್ಲಿಂದ ಮುಂದೆ ನನ್ನ ಹಸಿವು ಸಿಟ್ಟಾಯಿತು. ನನ್ನ ಸಿಟ್ಟು ಚಿಕ್ಕಂದಿನಿಂದ ಮೂಗಿನ ತುದಿಯಲ್ಲೇ ಇರುವಂಥದ್ದು. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಪಂಚಾಂಗ ನೋಡಲು ಬರುವುದಿಲ್ಲವೇ ಎಂದೆ. ಲಗ್ನಪತ್ರಿಕೆಯ ಯಾದಿಯನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ, ಪ್ರತಿಯೊಂದಕ್ಕೂ "ಬಂದ್" ಎಂದು ಸೇರಿಸಿದೆ. ಹುಮನಾಬಾದ್ ಇನ್ನೂ ದೂರ ಇರುವಾಗ ಅವರು ಸಾಕಾಗಿ ಒಂದು ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದರು. ನಾನು ಇಳಿದು ಬಾಗಿಲು ಧಡ್ ಎಂದು ಹಾಕಬೇಕೆಂದಿದ್ದೆ. ಬಾಗಿಲು ತೆರೆಯಲೇ ಇಲ್ಲ. ಅವರೇ ಸುತ್ತಿ ಬಂದು ತೆರೆಯಬೇಕಾಯಿತು. ಜಗಳದ ಮಾನವೇ ಹೋಯಿತು.

ಆಗ ಪಕ್ಕದ ಹೊಲದಿಂದ ಯಾರೋ ಕೂಗಿದರು. ಹಲ್ಲಿಲ್ಲದ ಒಬ್ಬ ಮುದುಕಿ ಬದುವಿನ ತನಕ ಬಂದು ಎರಡೂ ಕೈಯಿಂದ ಕರೆಯುತ್ತಿದ್ದಳು. "ನಿಂತೀರ್ಯಾಕ? ಬರ್ರಿ, ಉಂಡು ಹೋಗ್ರಿ." ಗುರುತಿಲ್ಲ, ಪರಿಚಯವಿಲ್ಲ, ಆ ದಿನ ದಾರಿಯಲ್ಲಿ ಹೋಗುವವರನ್ನು ಉಣ್ಣಿಸದೆ ಕಳಿಸುವುದಿಲ್ಲ. ನಾನು ಸಂಕೋಚವನ್ನು ಕಾರಿನಲ್ಲಿಯೇ ಬಿಟ್ಟು ಹೋದೆ.

ಜೋಳದ ಕಣಿಕೆ ನಿಲ್ಲಿಸಿ ಮಾಡಿದ ಗುಡಿಸಲಿನಂಥ ಕೊಪ್ಪಲ ಮುಂದೆ ಕಂಬಳಿ ಹಾಸಿ, ಮನೆಮಂದಿಯೆಲ್ಲ ಕೂತಿದ್ದರು. ತಾಟಿನಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅದರ ಮೇಲೆ ಭಜ್ಜಿ. ಹಸಿ ತೊಗರಿ, ಅವರೆ, ಕಡಲೆ, ಮೆಂತ್ಯ, ಎಳೇ ಬದನೆ, ಹುಣಸೆ, ಕಡಲೆ ಹಿಟ್ಟು, ಆ ಹೊತ್ತಿನಲ್ಲಿ ಹೊಲದಲ್ಲಿ ಏನೇನು ಹಸಿರಿದೆಯೋ ಅದೆಲ್ಲ ಸೇರಿ ಕುದ್ದ ಪಲ್ಯ. ಶೇಂಗಾ ಹೋಳಿಗೆ, ತುಪ್ಪ ಸುರಿದ ಕಡುಬು, ಮಣ್ಣಿನ ಗಡಿಗೆಯಿಂದ ತಣ್ಣನೆಯ ಅಂಬಲಿ. ನಾನು ತಲೆ ಎತ್ತದೆ ಉಂಡೆ. ಹೊಸ ಮದುವೆಯವಳೆಂಬ ನಾಚಿಕೆಯಿಲ್ಲ, ಏನಿಲ್ಲ. ಎರಡನೇ ರೊಟ್ಟಿ ಮುರಿಯುವಾಗ ಮುದುಕಿ ನನ್ನ ಹಸಿರು ಬಳೆಗಳನ್ನು ನೋಡಿದಳು. ಯಾವೂರವರು, ಮದುವೆಯಾಗಿ ಎಷ್ಟು ದಿನವಾಯಿತು, ಹೊಲ ಇದೆಯೇ ಎಂದೆಲ್ಲ ವಿಚಾರಿಸಿದಳು. ಕಮಲಾಪುರದಲ್ಲಿ ಹೊಲ ಇದೆ ಎಂದು ನಮ್ಮವರು ಮೆಲ್ಲಗೆ ಹೇಳಿದರು. ಮುದುಕಿ ಬಡಿಸುವ ಕೈ ನಿಲ್ಲಿಸಿದಳು.

"ಹಂಗಾರ ಹೊಸ ಸೊಸಿ ಇಲ್ಲ್ಯಾಕ ಕುಂತಾಳ? ಮೊದಲ ವರ್ಷ ಚರಗದ ಬುಟ್ಟಿ ಆಕಿ ತಲಿ ಮ್ಯಾಲ ಹೊಲಕ್ಕ ಬರಬೇಕಲ್ಲಪ್ಪಾ. ಆಕಿ ಇಲ್ಲಂದ್ರ ಅತ್ತಿನೇ ಹೊರಬೇಕು. ಮೊದಲ ವರ್ಷ ಏನು ಎರಡು ಸಲ ಬರ್ತದೇನು?"

ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟೆ. ಬದುವಿನ ಮೇಲಿನ ಕೆಂಪು ಸೀರೆ, ಎಳೆಯುತ್ತಿದ್ದ ಕಾಲು, ಹೆಚ್ಚಾದ ಕಾರಿನ ವೇಗ ಎಲ್ಲವೂ ಒಟ್ಟಿಗೆ ಅರ್ಥವಾದವು. ಅಷ್ಟು ಜನರ ಮುಂದೆಯೇ ನಮ್ಮವರನ್ನು ಕೇಳಿದೆ, ಬುಟ್ಟಿ ಹೊತ್ತಿದ್ದವರು ಅತ್ತೆಯೇನು ಎಂದು. ಹೌದೆಂದರು.

"ನಿಮಗ ಗೊತ್ತಿತ್ತು. ನನಗ ಯಾಕ ಹೇಳಲಿಲ್ಲ?"

"ಅವ್ವನೇ ಹೇಳಬ್ಯಾಡ ಅಂದಳು. ಗೊತ್ತಾದ್ರ ಆಕಿ ಹೋಗಂಗಿಲ್ಲ, ಪಾಪ, ಆಸೆ ಮಾಡ್ಯಾಳ, ಹೋಗಲಿ ಬಿಡು ಅಂದಳು."

ಆ ಹೊತ್ತು ನನಗಾದ ನಾಚಿಕೆಯನ್ನು ಇಂದಿಗೂ ಮರೆತಿಲ್ಲ. ಅತ್ತೆ ಬೈದಿದ್ದರೆ ನಾನೂ ಮುಖ ಊದಿಸಿಕೊಂಡು ಗೆಲ್ಲುತ್ತಿದ್ದೆ. ಹೊಟೇಲಿನ ಇಡ್ಲಿಗಾಗಿ ನಾನು ಬಿಟ್ಟು ಬಂದ ಭಾರವನ್ನು ಅವರು ನೋಯುವ ಮೊಣಕಾಲಿನ ಮೇಲೆ ಹೊತ್ತು ನಡೆಯುವಾಗ, ನಾನು ಕಾರಿನಲ್ಲಿ ಕೂತು ಮರುಗಿದ್ದೆ. ಈಗಿಂದೀಗಲೇ ತಿರುಗಿ ಹೋಗಬೇಕೆಂದು ಎದ್ದೆ. ಚರಗ ಚೆಲ್ಲುವುದು ಮಧ್ಯಾಹ್ನಕ್ಕೇ ಮುಗಿದಿರುತ್ತದೆ ಎಂದು ಇವರು ಅನ್ನುತ್ತಲೇ ಇದ್ದರು. ಮುದುಕಿ ಮಾತ್ರ ಏನೂ ಕೇಳದೆ ಒಂದು ಡಬ್ಬಿಯಲ್ಲಿ ಭಜ್ಜಿ, ಇನ್ನೊಂದರಲ್ಲಿ ಕಡುಬು ತುಂಬಿದಳು. ಬರಿಗೈಲಿ ಹೊಲಕ್ಕೆ ಹೋಗಬಾರದೆಂದಳು. ಡಬ್ಬಿ ಯಾವಾಗಲಾದರೂ ತಂದುಕೊಡಿ ಎಂದಳು.

ಕಮಲಾಪುರದ ಹೊಲ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಬಾಗಿಲು ತೆರೆಯುವವರಿಗೆ ಕಾಯದೆ, ಅವರು ಇಳಿದ ಬೆನ್ನಿಗೇ ಡ್ರೈವರ್ ಸೀಟನ್ನು ದಾಟಿ ಆ ಕಡೆಯಿಂದ ಇಳಿದೆ. ಬನ್ನಿ ಮರದ ಕೆಳಗೆ ಪೂಜೆ ಮುಗಿದಿತ್ತು, ಸುಣ್ಣ ಬಳಿದ ಐದು ಕಲ್ಲುಗಳ ಮುಂದಿನ ಊದಿನಕಡ್ಡಿ ಆರಿತ್ತು. ಭಾವನವರ ಸಂಸಾರ ಪಾತ್ರೆ ಕಟ್ಟುತ್ತಿತ್ತು. ಅತ್ತೆ ಕಾಲು ಚಾಚಿಕೊಂಡು ಮೊಣಕಾಲು ನೀವಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಖಾಲಿ ಬುಟ್ಟಿ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹೈದರಾಬಾದ ಇಷ್ಟು ಲಗೂ ಮುಗೀತೇನು?" ಅಂದರು.

ನಾನು ಅತ್ತುಬಿಟ್ಟೆ. ನನಗ ಗೊತ್ತಿರ್ಲಿಲ್ಲರೀ ಅತ್ತಿ, ಎಂದಷ್ಟೇ ಹೇಳಲಾಯಿತು. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಡಬ್ಬಿಗಳಲ್ಲಿ ಏನಿದೆ ಎಂದು ಕೇಳಿದರು. ಹೇಳಿದೆ. ಡಬ್ಬಿಗಳನ್ನು ಖಾಲಿ ಬುಟ್ಟಿಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ರಸ್ತೆಗೆ ಹೋಗಿ ಅಲ್ಲಿಂದ ಹೊತ್ತು ಬಾ ಎಂದರು. ನಾನು ಮತ್ತೆ ರಸ್ತೆಗೆ ಹೋದೆ. ಸೆರಗು ಸುತ್ತಿ ಸಿಂಬೆ ಮಾಡಿಕೊಂಡು, ಆ ಹಗುರ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಬದುವಿನ ಮೇಲೆ ಬಂದೆ. ಪಕ್ಕದ ಹೊಲದವರು ನಿಂತು ನಕ್ಕರು. ಚರಗ ಮುಗಿದ ಹೊಲದಲ್ಲಿ ಮತ್ತೊಂದು ಸಲ ಚರಗ ಚೆಲ್ಲಿದೆವು, ನಾನು ಮುಂದೆ ಕಡುಬು ಮುರಿದು ಎರಚುತ್ತ, ಅತ್ತೆ ಹಿಂದೆ ಕುಂಟುತ್ತ ಚೊಂಬಿನಿಂದ ನೀರು ಚಿಮುಕಿಸುತ್ತ, ಚರಗದ ಕೂಗು ಕೂಗುತ್ತ.

ಸುತ್ತು ಮುಗಿದ ಮೇಲೆ ಅತ್ತೆ ಮುದುಕಿಯ ಭಜ್ಜಿಯಲ್ಲಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. ಉಪ್ಪು ಕಡಿಮೆ ಎಂದರು. ನಮ್ಮ ಭಜ್ಜಿ ಉಂಡು ಹೇಳು ಎಂದು ನನ್ನ ಮುಂದೆ ತಾಟಿಟ್ಟರು. ಹೊಟ್ಟೆಯಲ್ಲಿ ಒಂದು ತುತ್ತಿಗೂ ಜಾಗವಿರಲಿಲ್ಲ. ಎರಡು ರೊಟ್ಟಿ ತಿಂದೆ. ಖರೆ ಹೇಳಬೇಕೆಂದರೆ ಮುದುಕಿಯದೇ ರುಚಿಯಾಗಿತ್ತು, ಹೇಳಲಿಲ್ಲ. ನಾನು ಬುಟ್ಟಿ ಹೊತ್ತಂತಾಯಿತಲ್ಲ ಎಂದು ಕೇಳಿದೆ.

"ಮಂದಿ ಹೊಲದ ಕಡುಬು, ಖಾಲಿ ಬುಟ್ಟಿ. ಇದು ಲೆಕ್ಕಕ್ಕ ಬರಂಗಿಲ್ಲ," ಅಂದರು ಅತ್ತೆ. "ಮುಂದಿನ ವರ್ಷ ಮತ್ತ ಹೊರು."

ಮರುದಿನ ಬೆಳಿಗ್ಗೆ ನಮ್ಮನ್ನು ಹೈದರಾಬಾದಿಗೆ ಅಟ್ಟಿದವರೂ ಅವರೇ. ಹುಮನಾಬಾದಿನ ತನಕ ನೀವೂ ಬನ್ನಿ, ಖಾನಾವಳಿಯಲ್ಲಿ ಊಟ ಮಾಡಿ ಬಸ್ಸಿಗೆ ತಿರುಗಿ ಬರುವಿರಂತೆ ಎಂದೆ. ನಮ್ಮವರ ಮುಖ ಸಣ್ಣದಾಯಿತು. ಹನಿಮೂನಿಗೆ ಅವ್ವನನ್ನು ಕರೆದುಕೊಂಡು ಹೋದವರು ನಮ್ಮ ಕಾಲೇಜಿನಲ್ಲಿ ಯಾರೂ ಇಲ್ಲ ಎಂದು ಕಿವಿಯಲ್ಲಿ ಗೊಣಗಿದರು. ಅತ್ತೆ ಅದಾಗಲೇ ಸೀರೆ ಬದಲಾಯಿಸಲು ಒಳಗೆ ಹೋಗಿದ್ದರು. ಮುದುಕಿಯ ಹೊಲ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ತೊಳೆದ ಡಬ್ಬಿಗಳ ತುಂಬ ನಮ್ಮ ಮನೆಯ ಶೇಂಗಾ ಹೋಳಿಗೆ ತುಂಬಿ, ಕೊಪ್ಪಲ ಒಳಗೆ ಇಟ್ಟು ಬಂದೆವು.

ಖಾನಾವಳಿಯಲ್ಲಿ ಮೇಜಿನ ಮುಂದೆ ಮೊದಲ ಸಲ ಕೂತದ್ದು ನಾನೊಬ್ಬಳೇ ಅಲ್ಲ. ಅತ್ತೆಯೂ ಮೊದಲ ಸಲ. ಇಬ್ಬರೂ ಕುರ್ಚಿಯ ತುದಿಯಲ್ಲಿ ಕೂತಿದ್ದೆವು. ಬಿಸಿ ರೊಟ್ಟಿ ತಾಟಿಗೆ ಬಿದ್ದಾಗ ಅತ್ತೆ ಅದರ ಹಬೆಯನ್ನೇ ನೋಡುತ್ತ ಕೂತರು. ಜೀವನವೆಲ್ಲ ಬಡಿಸಿದವರು, ತಾವು ಕೂತಿರುವಾಗ ಒಲೆಯಿಂದಿಳಿದ ರೊಟ್ಟಿ ತಮ್ಮ ತಾಟಿಗೆ ಬಂದದ್ದು ಅವರಿಗೆ ನೆನಪಿಲ್ಲವಂತೆ.

"ನಾ ಬುಟ್ಟಿ ಹೊತ್ತಾಗ ನನಗ ಹದಿನಾರು," ಅಂದರು. "ಎಲ್ಲಿಗರ ಹೋಗಬೇಕು ಅನಸ್ತದೇನು ಅಂತ ಯಾರೂ ಕೇಳಲಿಲ್ಲ. ನಿನಗ ಅನಸ್ಯಾದ ಅಂತ ಕೇಳಿ ಖುಷಿ ಆತು. ಅದಕ್ಕ ಹೇಳಬ್ಯಾಡ ಅಂದೆ."

ಆಮೇಲೆ ಎಣ್ಣೆಗಾಯಿಗೆ ಉಪ್ಪು ಕಡಿಮೆ ಎಂದರು, ಎರಡನೇ ಸಲ ಹಾಕಿಸಿಕೊಂಡರು. ಬಸ್ಸು ಹತ್ತಿಸಿದಾಗ ಕಿಟಕಿಯಿಂದ ಕೈ ಹೊರಗೆ ಹಾಕಿ, ಚೆನ್ನಾಗಿ ತಿನ್ನು ಎಂದು ನನಗೇ ಹೇಳಿದರು, ಮಗನಿಗಲ್ಲ. ಹೈದರಾಬಾದಿನಲ್ಲಿ ಯಾದಿಯಲ್ಲಿದ್ದದ್ದನ್ನೆಲ್ಲ ತಿಂದೆವು. ಬಹಳಷ್ಟು ಮರೆತಿದೆ.

ಮರುವರ್ಷ ತುಂಬಿದ ಬುಟ್ಟಿ ಹೊತ್ತೆ. ಕಾಲಲ್ಲಿ ಚಪ್ಪಲಿ ಇತ್ತು, ಲೆಕ್ಕಕ್ಕೆ ಬರಲಿಲ್ಲ. ಅದರ ಮರುವರ್ಷ ಬಸುರಿ. ಅತ್ತೆಯೇ ಬುಟ್ಟಿಯ ಅರ್ಧ ಭಾರ ತೆಗೆಸಿ, ಅರ್ಧ ಬುಟ್ಟಿ ಲೆಕ್ಕಕ್ಕೆ ಬರುವುದಿಲ್ಲ ಎಂದರು. ಒಮ್ಮೆ ಕಾಲುವೆ ದಾಟುವಾಗ ಬುಟ್ಟಿಯನ್ನು ಸೊಂಟಕ್ಕೆ ಇಳಿಸಿದೆ ಎಂದು, ಒಮ್ಮೆ ದಾರಿಯಲ್ಲಿ ಮಾತಾಡಿದೆ ಎಂದು. ತಪ್ಪೇನೂ ಸಿಗದ ವರ್ಷ ಉಪ್ಪು ಕಡಿಮೆ. ಹೊಸ ಸೊಸೆಯ ಒಂದು ವರ್ಷದ ಬುಟ್ಟಿಯನ್ನು ಹೀಗೆ ಹದಿನೇಳು ವರ್ಷ ಹೊತ್ತೆ. ಪ್ರತಿವರ್ಷವೂ ಸುತ್ತು ಮುಗಿಸಿ, ಬಂತೇನ್ರಿ ಅತ್ತಿ ಎಂದು ಕೇಳುವುದು, ಅವರು ತಲೆ ಅಲ್ಲಾಡಿಸಿ ಇಲ್ಲ ಅನ್ನುವುದು, ಹೊಲದ ಮಂದಿಯೆಲ್ಲ ನಗುವುದು. ನನ್ನ ತವರಿನಲ್ಲಿಯೂ ನನ್ನನ್ನು ಯಾರೂ ಅಷ್ಟು ಮುದ್ದು ಮಾಡಿರಲಿಲ್ಲ.

ಹೋದ ವರ್ಷದ ಎಳ್ಳ ಅಮವಾಸ್ಯೆಗೆ ಅತ್ತೆಗೆ ಮಂಚದಿಂದ ಏಳಲಾಗಲಿಲ್ಲ. ನಾನು ಅವರ ಹತ್ತಿರವೇ ಇರುತ್ತೇನೆ, ಈ ವರ್ಷ ಹೊಲಕ್ಕೆ ಹೋಗುವುದಿಲ್ಲ ಎಂದೆ. ಹೊಲ ಎಲ್ಲಿಗೆ ಹೋಗುತ್ತದೆ ಎಂದು ಅವರದೇ ಮಾತನ್ನು ಅವರಿಗೆ ಹೇಳಿದೆ. ಅವರು ನಕ್ಕು, ಬಾಗಿಲ ಕಡೆ ಕೈ ತೋರಿಸಿದರು. ಹೋದೆ. ಬರಿಗಾಲಲ್ಲಿ, ಮಾತಾಡದೆ, ಎಲ್ಲಿಯೂ ಇಳಿಸದೆ ಹೊತ್ತೆ. ಹಿಂದೆ ನೀರು ಚಿಮುಕಿಸಲು ಮಗಳು ಬಂದಳು. ಸಂಜೆ ಬಟ್ಟಲಿನಲ್ಲಿ ಭಜ್ಜಿ ಹಾಕಿಕೊಂಡು ಮಂಚದ ಹತ್ತಿರ ಕೂತು, ಬೆರಳಿನಿಂದ ಅವರ ನಾಲಿಗೆಗೆ ಹಚ್ಚಿದೆ. ಎಂದಿನಂತೆ ಕೇಳಿದೆ.

ಅವರು ಬಹಳ ಹೊತ್ತು ರುಚಿ ನೋಡಿದರು.

"ಬಂತವ್ವಾ," ಅಂದರು. "ಈ ವರ್ಷ ಲೆಕ್ಕಕ್ಕ ಬಂತು."

ನಾನು ಬಟ್ಟಲು ತೊಳೆಯುವ ನೆವ ಮಾಡಿ ಹಿತ್ತಲಿಗೆ ಹೋದೆ. ಬರಲಿಲ್ಲ ಎಂದಿದ್ದರೆ ಚೆನ್ನಾಗಿತ್ತು. ಉಪ್ಪು ಕಡಿಮೆ ಎಂದಿದ್ದರೆ ಚೆನ್ನಾಗಿತ್ತು. ಯುಗಾದಿಗೆ ಮುಂಚೆಯೇ ಅತ್ತೆ ಹೋದರು.

ಲೆಕ್ಕ ಮುಗಿದಿದ್ದರೂ ಈ ವರ್ಷವೂ ನಾನೇ ಬುಟ್ಟಿ ಹೊತ್ತೆ. ಮನೆಯಲ್ಲಿ ಯಾರೂ ಯಾಕೆ ಎಂದು ಕೇಳಲಿಲ್ಲ. ಬದುವಿನ ಮೇಲೆ ಹತ್ತುವ ಮುಂಚೆ ನಿಂತು, ಕಾಲಿಗೆ ಚಪ್ಪಲಿ ಹಾಕಿಕೊಂಡೆ.